ಬಿಸಿಆರ್-ಎಬಿಎಲ್ ರಿಪೋರ್ಟಿನಲ್ಲಿ ಮೊದಲು ನೋಡಬೇಕಾದ ಅಂಕಿ

ಸಿಎಂಎಲ್ ಎಂಬ ರಕ್ತದ ಕ್ಯಾನ್ಸರಿಗೆ ಇಮ್ಯಾಟಿನಿಬ್ ಮಾತ್ರೆ ತೆಗೆದುಕೊಳ್ಳುವವರು ಮುಳಬಾಗಿಲು, ಶ್ರೀನಿವಾಸಪುರ, ಚಿಂತಾಮಣಿ ಕಡೆಯೂ ಇದ್ದಾರೆ. ಕಾಯಿಲೆ ಎಷ್ಟು ಉಳಿದಿದೆ ಎಂದು ಅಳೆಯುವ ಬಿಸಿಆರ್-ಎಬಿಎಲ್ ಪರೀಕ್ಷೆಗೆ ಮೂರು ತಿಂಗಳಿಗೊಮ್ಮೆ ಅವರ ರಕ್ತ ಬೆಂಗಳೂರಿನ ಲ್ಯಾಬಿಗೆ ಹೋಗುತ್ತದೆ. ರಿಪೋರ್ಟಿನಲ್ಲಿ 'ಪತ್ತೆಯಾಗಿಲ್ಲ' ಅಂತ ಬಂದರೆ ಮನೆಮಂದಿಗೆಲ್ಲ ಜೀವ ಬಂದಂತಾಗುತ್ತದೆ. ದಯವಿಟ್ಟು ಆ ಪದ ಓದುವ ಮೊದಲು ಅದೇ ಹಾಳೆಯಲ್ಲಿ ಎಬಿಎಲ್ ಕಾಪಿ ಎಷ್ಟಿದೆ ನೋಡಿ. ಸ್ಯಾಂಪಲ್ ಪರೀಕ್ಷೆಗೆ ಸಾಕಷ್ಟಿತ್ತೇ ಎಂದು ಹೇಳುವುದು ಅದೇ. ಆ ಅಂಕಿ ಇಲ್ಲದ ರಿಪೋರ್ಟನ್ನು ಲ್ಯಾಬಿನವರು ಕೊಡಬಾರದು, ಡಾಕ್ಟರು ಒಪ್ಪಬಾರದು.

ಸಿಎಂಎಲ್‌ನಲ್ಲಿ 9 ಮತ್ತು 22ನೇ ಕ್ರೋಮೋಸೋಮುಗಳ ತುಂಡುಗಳು ಅದಲುಬದಲಾಗಿ ಬಿಸಿಆರ್, ಎಬಿಎಲ್ ಎಂಬ ಎರಡು ಜೀನುಗಳು ಬೆಸೆದುಕೊಳ್ಳುತ್ತವೆ. ಪರೀಕ್ಷೆ ಎಣಿಸುವುದು ಈ ಬೆಸುಗೆ ಜೀನಿನಿಂದ ಹೊರಟ ಆರ್‌ಎನ್‌ಎಯನ್ನು, ಅಂದರೆ ಜೀನಿನ ನಕಲು ಪ್ರತಿಗಳನ್ನು (ಕಾಪಿ). ಅದನ್ನು ಎಬಿಎಲ್ ಆರ್‌ಎನ್‌ಎಗೆ ಹೋಲಿಸಿ ಶೇಕಡಾ ಲೆಕ್ಕದಲ್ಲಿ ಬರೆಯುತ್ತಾರೆ. ಚಿಕಿತ್ಸೆ ಶುರುವಾದ 3 ತಿಂಗಳಿಗೆ ಶೇ. 10, 6 ತಿಂಗಳಿಗೆ ಶೇ. 1, ವರ್ಷಕ್ಕೆ ಶೇ. 0.1 ಅಥವಾ ಅದಕ್ಕೂ ಕೆಳಗೆ ಇಳಿದಿರಬೇಕು.

ಈಗ ಲೆಕ್ಕ ನೋಡಿ. ಶೇ. 0.01 ಅಂದರೆ 10,000 ಎಬಿಎಲ್ ಕಾಪಿಗೆ ಒಂದು ಕ್ಯಾನ್ಸರ್ ಕಾಪಿ, ಅಂದರೆ ಬೆಸುಗೆ ಜೀನಿನ ಕಾಪಿ. ಸ್ಯಾಂಪಲ್ ಹಾಳಾಗಿ 2,000 ಎಬಿಎಲ್ ಕಾಪಿಯಷ್ಟೇ ಸಿಕ್ಕಿದ್ದರೆ, ಅದೇ ಮಟ್ಟದ ಕಾಯಿಲೆಗೆ ಸರಾಸರಿ 0.2 ಕಾಪಿ ಬರಬೇಕು. ಹಾಗಾಗಿ ಬಹುಪಾಲು ಸಲ ಏನೂ ಕಾಣುವುದಿಲ್ಲ. ಕಾಯಿಲೆ ಇದೆ, ರಿಪೋರ್ಟಿನಲ್ಲಿ ಇಲ್ಲ! ಈ ಮಟ್ಟಕ್ಕೆ ಇಳಿದಿದೆ ಎನ್ನಲು ಕನಿಷ್ಠ 10,000 ಎಬಿಎಲ್ ಕಾಪಿ ಬೇಕು. ಶೇ. 0.0032ಕ್ಕೆ ಇಳಿದಿದೆ ಎನ್ನಲು 32,000 ಬೇಕು.

ಕಾಪಿ ಕಡಿಮೆಯಾಗುವುದು ಹೆಚ್ಚಾಗಿ ದಾರಿಯಲ್ಲೇ. ಆರ್‌ಎನ್‌ಎ ತಾನಾಗಿಯೂ ತುಂಡಾಗುತ್ತದೆ, ಸಾಲದ್ದಕ್ಕೆ ರಕ್ತದಲ್ಲೇ ಅದನ್ನು ಕತ್ತರಿಸುವ ಆರ್‌ಎನ್‌ಏಸ್ ಎಂಬ ಕಿಣ್ವಗಳಿವೆ. ನಮ್ಮ ಬೆವರಿನಲ್ಲಿ, ಎಂಜಲಿನಲ್ಲಿ ಕೂಡ ಇವೆ. ಇವುಗಳಲ್ಲಿ ಕೆಲವು ಕುದಿಸಿದರೂ ಸಾಯುವುದಿಲ್ಲ. ಬೆಳಿಗ್ಗೆ ಸಂಜೆ ಡೈರಿಗೆ ಹಾಲು ಹಾಕುವ ಕೋಲಾರ, ಚಿಕ್ಕಬಳ್ಳಾಪುರದ ಜನಕ್ಕೆ ಹೊತ್ತು ಮೀರಿದರೆ ಏನಾಗುತ್ತದೆ ಅಂತ ಹೇಳಿಕೊಡಬೇಕಿಲ್ಲ. ರಕ್ತದ ಟ್ಯೂಬಿಗೂ ಅದೇ ಗಡಿಬಿಡಿ ಬೇಕು.

ಆದ್ದರಿಂದ ರಕ್ತ ತೆಗೆಯುವವರಲ್ಲಿ ಕೆಲವು ಕೋರಿಕೆ. ನೇರಳೆ ಮುಚ್ಚಳದ ಇಡಿಟಿಎ ಟ್ಯೂಬೇ ಆಗಬೇಕು. ಹಸಿರು ಮುಚ್ಚಳದ್ದರಲ್ಲಿ ಹೆಪಾರಿನ್ ಇರುತ್ತದೆ, ಅದು ಕಾಪಿ ಎಣಿಸಲು ಲ್ಯಾಬಿನಲ್ಲಿ ಮಾಡುವ ಪಿಸಿಆರ್ ಕ್ರಿಯೆಯನ್ನೇ ತಡೆಯುತ್ತದೆ. ಸುಮಾರು 10 ಮಿ.ಲೀ. ರಕ್ತ ಬೇಕು, ಅಂದರೆ 3 ಮಿ.ಲೀ.ದು ಮೂರು ನಾಲ್ಕು ಟ್ಯೂಬು. ತುಂಬಿದ ತಕ್ಷಣ 8-10 ಸಲ ಮೆಲ್ಲಗೆ ತಲೆಕೆಳಗು ಮಾಡಿ, ಕುಲುಕಬೇಡಿ. ಬೆರೆಸದೆ ಬಿಟ್ಟರೆ ಹೆಪ್ಪುಗಟ್ಟಿ ಬಿಳಿ ರಕ್ತಕಣಗಳು ಅದರೊಳಗೆ ಸಿಕ್ಕಿಕೊಳ್ಳುತ್ತವೆ. ಥರ್ಮಾಕೋಲ್ ಡಬ್ಬದಲ್ಲಿ ಐಸ್ ಪ್ಯಾಕಿಗೆ ಬಟ್ಟೆ ಸುತ್ತಿ ಇಡಿ, ಟ್ಯೂಬಿಗೆ ನೇರ ತಾಗಬಾರದು. ಫ್ರೀಜರಿಗಂತೂ ಹಾಕಲೇಬೇಡಿ: ಕಣಗಳು ಒಡೆದು ಕಿಣ್ವವೆಲ್ಲ ಹೊರಗೆ ಬರುತ್ತದೆ. ಟ್ಯೂಬಿನ ಮೇಲೆ ತಾರೀಕಿನ ಜೊತೆ ಗಂಟೆಯನ್ನೂ ಬರೆಯಿರಿ. 24 ಗಂಟೆಯೊಳಗೆ ಲ್ಯಾಬು ಸೇರಿದರೆ ಉತ್ತಮ. 48 ದಾಟಿದರೆ ಹೊಸದಾಗಿ ತೆಗೆಯುವುದೇ ಲೇಸು. ಶನಿವಾರ ಸಂಜೆ ತೆಗೆದ ರಕ್ತ ಸೋಮವಾರದವರೆಗೆ ಎಲ್ಲೋ ಕೂತಿರುತ್ತದೆ. ಕೋಲಾರದಿಂದ ಬೆಂಗಳೂರು ಎಷ್ಟು ದೂರ? ಸೋಮವಾರದಿಂದ ಗುರುವಾರದೊಳಗೆ ಬೆಳಿಗ್ಗೆ ತೆಗೆದರೆ ಸಂಜೆಗೆ ತಲುಪುತ್ತದೆ.

ಇನ್ನೊಂದು ವಿಷಯ. ಬೆಸುಗೆಯಲ್ಲಿ ಬಗೆಗಳಿವೆ. ಹೆಚ್ಚಿನವರದ್ದು ಇ13ಎ2 ಅಥವಾ ಇ14ಎ2. ಅಪರೂಪಕ್ಕೆ ಇ19ಎ2 ಥರದ್ದು ಇದ್ದರೆ ಸಾಮಾನ್ಯ ಕಿಟ್‌ಗೆ ಕಾಣಿಸುವುದೇ ಇಲ್ಲ. ಕಾಯಿಲೆ ಪತ್ತೆಯಾದಾಗಿನ ಮೊದಲ ರಿಪೋರ್ಟಿನಲ್ಲಿ ಬಗೆ ಬರೆಸಿಕೊಂಡು ಜೋಪಾನ ಮಾಡಿ. ಲ್ಯಾಬನ್ನೂ ಪದೇಪದೇ ಬದಲಿಸಬೇಡಿ, ಒಂದೊಂದರ ಅಳತೆ ಒಂದೊಂದು ಥರ.

ಅಂಕಿ ಏರಿದರೆ ಡಾಕ್ಟರು ಮೊದಲು ಕೇಳಬೇಕಾದ್ದು ಮಾತ್ರೆ ತಪ್ಪಿತೇ ಎಂದು, ಔಷಧಿ ಬದಲಿಸುವ ಮಾತು ಆಮೇಲೆ. ಹಾಗೆಯೇ, ಒಂದು 'ಪತ್ತೆಯಾಗಿಲ್ಲ' ನೋಡಿ ಯಾರೂ ಮಾತ್ರೆ ನಿಲ್ಲಿಸಬೇಡಿ. ವರ್ಷಗಟ್ಟಲೆ ಮಾತ್ರೆ ತೆಗೆದುಕೊಂಡು, ಕನಿಷ್ಠ 2 ವರ್ಷ ಶೇ. 0.01ಕ್ಕಿಂತ ಕೆಳಗೇ ಉಳಿದವರಲ್ಲಿ ಮಾತ್ರ ಡಾಕ್ಟರು ಆ ಯೋಚನೆ ಮಾಡುತ್ತಾರೆ. ಆಗಲೂ ಮೊದಲ ಆರು ತಿಂಗಳು ಪ್ರತಿ ತಿಂಗಳೂ ಪರೀಕ್ಷೆ ಆಗಬೇಕು. ಆ ನಿರ್ಧಾರವೆಲ್ಲ ನಿಂತಿರುವುದು ಈ ರಿಪೋರ್ಟುಗಳ ಮೇಲೆ.

ಎಬಿಎಲ್ 10,000ಕ್ಕಿಂತ ಕಡಿಮೆ ಬಂದು ಕ್ಯಾನ್ಸರ್ ಕಾಪಿ ಕಾಣದಿದ್ದರೆ, ಲ್ಯಾಬಿನವರು 'ಪತ್ತೆಯಾಗಿಲ್ಲ' ಅಂತ ಬರೆಯದೆ 'ಸ್ಯಾಂಪಲ್ ಸಾಲದು' ಅಂತ ಬರೆಯಲಿ, ಹೊಸ ರಕ್ತ ಕೇಳಲಿ. ಆ ಮರುಪರೀಕ್ಷೆಗೆ ಕೂಲಿ ಬಿಟ್ಟು ಬಸ್ಸು ಹತ್ತಿ ಬಂದವರ ಹತ್ತಿರ ಎರಡನೇ ಸಲ ದುಡ್ಡು ಕೀಳುವುದು ತಪ್ಪು.