ಕೇಕ್ ಮಾಸ್ತರರ ಮನೆಯ ಡಬ್ಬಿ

ಬೇಕರಿಯಲ್ಲಿ ದುಡಿಯುವವರ ಮನೆಯಲ್ಲಿ ದಿನವೂ ಕೇಕು, ಪಫ್ಸು, ಕ್ರೀಮ್ ಬನ್ನುಗಳ ಸುಗ್ಗಿಯಿರುತ್ತದೆ ಎಂದು ನಂಬಿದವರು ಬಹಳ ಮಂದಿ. ಬಳ್ಳಾರಿಯ ಕೌಲ್ ಬಜಾರಿನ ಕಡೆಯ ನಮ್ಮ ಓಣಿಯ ಮಕ್ಕಳಿಗಂತೂ ಈ ವಿಷಯದಲ್ಲಿ ಎಳ್ಳಷ್ಟೂ ಸಂಶಯವಿಲ್ಲ, ಏಕೆಂದರೆ ನಮ್ಮ ನಡುವೆಯೇ ಒಬ್ಬ ಕೇಕ್ ಮಾಸ್ತರರಿದ್ದಾರೆ. ಊರಿನ ಬೇಕರಿಯೊಂದರಲ್ಲಿ ಹುಟ್ಟುಹಬ್ಬದ ಕೇಕುಗಳ ಮೇಲೆ ಗುಲಾಬಿ ಅರಳಿಸುವುದು, ಹೊಳೆಯುವ ಚಾಕೊಲೇಟನ್ನು ನಾಲ್ಕೂ ಬದಿಗೆ ಸಮನಾಗಿ ಇಳಿಸುವುದು, ಹೆಸರಿನ ಒತ್ತಕ್ಷರ ತಪ್ಪದಂತೆ ಬರೆಯುವುದು ಅವರ ನಿತ್ಯದ ಕಾಯಕ. ಆದರೆ ವಾರದ ರಜೆಯ ದಿನ ಅವರ ಅಡುಗೆಮನೆಯ ಕಿಟಕಿಯಿಂದ ಹೊರಬರುವುದು ಹುರಿದ ಶೇಂಗಾದ, ಕುದಿಯುವ ಬೆಲ್ಲದ, ತುಪ್ಪದಲ್ಲಿ ಕೆಂಪಗಾಗುತ್ತಿರುವ ಕಡಲೆಹಿಟ್ಟಿನ ಪರಿಮಳ. ವೆನಿಲ್ಲಾ ಎಸೆನ್ಸಿನ ಸೀಸೆ ಆ ಮನೆಯ ಹೊಸ್ತಿಲು ದಾಟಿದ್ದನ್ನು ನಾನಂತೂ ಕಂಡಿಲ್ಲ. ಕಾರಣ ಕೇಳಿದರೆ ಅವರ ಉತ್ತರ ಸಿದ್ಧವಾಗಿರುತ್ತದೆ: “ಅಂಗಡ್ಯಾಗ ಮಾಡೋದು ಮಂದಿ ನೋಡ್ಲಿ ಅಂತ್ರಿ. ಮನ್ಯಾಗ ಮಾಡೋದು ಡಬ್ಬ್ಯಾಗ ಇರ್ಲಿ ಅಂತ.”

ಡಬ್ಬಿಯಲ್ಲಿ ಇರುವುದು ಎಂದರೆ ಸಣ್ಣ ಮಾತಲ್ಲ. ಕ್ರೀಮ್ ಕೇಕಿಗೆ ಬಳ್ಳಾರಿಯಂಥ ವೈರಿ ಇನ್ನೊಂದಿಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ, ಹಗಲೆಲ್ಲ ಕಾದ ಕಲ್ಲುಗುಡ್ಡಗಳು ಕತ್ತಲಾದ ಮೇಲೂ ಶಾಖ ಉಗುಳುತ್ತಲೇ ಇರುವ ಊರಿದು. ಬೇಕರಿಗಳ ಕ್ರೀಮು ಬಹುಪಾಲು ಹಾಲಿನದ್ದಲ್ಲ. ತಾಳೆ ಜಾತಿಯ ಎಣ್ಣೆಯಿಂದ ಕಾರ್ಖಾನೆಯಲ್ಲಿ ತಯಾರಾಗಿ, ಹೆಪ್ಪುಗಟ್ಟಿದ ಸ್ಥಿತಿಯಲ್ಲಿ ಬರುವಂಥದ್ದು. ಅದನ್ನು ಫ್ರೀಜರಿನಿಂದ ತೆಗೆದು, ಇನ್ನೂ ಅಲ್ಲಲ್ಲಿ ಮಂಜಿನ ಚೂರು ಉಳಿದಿರುವಾಗಲೇ ಯಂತ್ರಕ್ಕೆ ಹಾಕಿ ನೊರೆ ಎಬ್ಬಿಸಬೇಕು, ತಣ್ಣನೆಯ ಕೋಣೆಯಲ್ಲಿ ಕೂತು ಹಚ್ಚಬೇಕು, ಗಿರಾಕಿ ಬರುವತನಕ ಗಾಜಿನ ಪೆಟ್ಟಿಗೆಯಲ್ಲಿ ಇಡಬೇಕು. ಇಷ್ಟೆಲ್ಲ ಮಾಡಿದ ಮೇಲೂ, ಕರೆಂಟು ಹೋದ ಒಂದು ಮಧ್ಯಾಹ್ನ ಸಾಕು, ಗುಲಾಬಿಯ ದಳಗಳು ಜಾರಿ ಹುಟ್ಟುಹಬ್ಬದ ಮಗುವಿನ ಹೆಸರಿನ ಮೇಲೆ ಕುಳಿತುಬಿಡುತ್ತವೆ. ಅಂಥ ಕೇಕಿನ ಆಯುಷ್ಯ ಒಂದು ಸಂಜೆ. ಫೋಟೋ ತೆಗೆದು ಮುಗಿಯುವವರೆಗೆ ನಿಂತರೆ ಅದು ಗೆದ್ದಂತೆ.

ನಮ್ಮ ಕಡೆಯ ಮನೆಯ ಸಿಹಿಗಳ ಲೆಕ್ಕಾಚಾರವೇ ಬೇರೆ. ಶೇಂಗಾ ಉಂಡಿ, ಎಳ್ಳಿನ ಉಂಡಿ, ಶಂಕರಪೋಳಿ, ಕರ್ಚಿಕಾಯಿ, ಮಾದಲಿ ಇವೆಲ್ಲವೂ ನೀರಿನ ಪಸೆಯನ್ನು ಮೊದಲೇ ಹುರಿದೋ ಸುಟ್ಟೋ ಕರಿದೋ ಓಡಿಸಿಕೊಂಡ ತಿನಿಸುಗಳು. ಪಸೆ ಇಲ್ಲದಲ್ಲಿ ಬೂಸು ಹಿಡಿಯುವುದಿಲ್ಲ. ಒಣಹವೆ ಇದಕ್ಕೆ ಸಹಾಯಕ್ಕೇ ನಿಲ್ಲುತ್ತದೆ; ಕರಾವಳಿಯಲ್ಲಿ ಎರಡು ದಿನಕ್ಕೆ ಮೆತ್ತಗಾಗುವ ಶಂಕರಪೋಳಿ ಇಲ್ಲಿ ವಾರಗಟ್ಟಲೆ ಕಟುಕಟು ಎನ್ನುತ್ತದೆ. ಕೇಕನ್ನು ಕರಗಿಸುವ ಬಿಸಿಲೇ ಉಂಡಿಯನ್ನು ಕಾಯುತ್ತದೆಯೆಂಬುದನ್ನು ಮಾಸ್ತರರು ಬಹಳ ಹಿಂದೆಯೇ ಕಂಡುಕೊಂಡಿದ್ದಾರೆ, ಮತ್ತು ರಜೆಯ ದಿನವಾದರೂ ಬಿಸಿಲಿನ ಜೊತೆ ಜಗಳವಾಡದೆ ಕೆಲಸ ಮಾಡೋಣವೆಂದು ತೀರ್ಮಾನಿಸಿದ್ದಾರೆ.

ಇಲ್ಲಿ ಭಟ್ಟಿಯ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಮನೆಯೊಳಗೆ ಓವನ್ ಎಂಬುದು ನಮ್ಮ ಭಾಗಕ್ಕೆ ಬಂದದ್ದು ತೀರ ಈಚೆಗೆ. ಹಂಚು, ಬಾಣಲೆ, ಹಬೆಯ ಪಾತ್ರೆ ಇವಿಷ್ಟೇ ಇದ್ದ ಮನೆಗಳ ಹೆಂಗಸರು ಬಿಸ್ಕತ್ತು ಬೇಕೆನಿಸಿದಾಗ ಬೇಕರಿಗೆ ಹೋಗುತ್ತಿದ್ದದ್ದು ಕೊಳ್ಳುವುದಕ್ಕಲ್ಲ, ಮಾಡಿಸುವುದಕ್ಕೆ. ಬೇಸಿಗೆ ರಜೆಯ ಹೊಸ್ತಿಲಲ್ಲಿ, ದೀಪಾವಳಿಗೆ ಮೊದಲು, ರಂಜಾನಿನ ಕೊನೆಯ ದಿನಗಳಲ್ಲಿ ಮೈದಾ, ರವೆ, ಪುಡಿ ಸಕ್ಕರೆ, ಡಾಲ್ಡಾ, ಕುಟ್ಟಿದ ಏಲಕ್ಕಿ ಎಲ್ಲವನ್ನೂ ಚೀಲಕ್ಕೆ ತುಂಬಿ, ತೊಳೆದು ಒಣಗಿಸಿದ ಎಣ್ಣೆಯ ಡಬ್ಬಿಯನ್ನು ಕಂಕುಳಲ್ಲಿ ಹಿಡಿದು ಅವರು ಭಟ್ಟಿಯ ಮುಂದೆ ಕೂರುತ್ತಿದ್ದರು. ಬೇಕರಿಯವನಿಗೆ ಕೊಡಬೇಕಾದದ್ದು ಕೂಲಿ ಮಾತ್ರ. ತನ್ನ ಕಡೆಯಿಂದ ಅವನು ಹಾಕುತ್ತಿದ್ದದ್ದು ಚಿಟಿಕೆ ಸೋಡಾ. ಅವನ ಕೈ ಡಾಲ್ಡಾದ ಡಬ್ಬಿಯೊಳಗೆ ಹೋದಾಗಲೆಲ್ಲ ಸಾಲಿನಲ್ಲಿ ಕುಳಿತವರ ಕಣ್ಣುಗಳೂ ಜೊತೆಗೇ ಹೋಗುತ್ತಿದ್ದವು. ತಮ್ಮ ಡಬ್ಬಿಯ ಒಂದು ಮುದ್ದೆ ಪಕ್ಕದವರ ಪರಾತಕ್ಕೆ ಬಿದ್ದೀತೆಂಬ ಭಯ ಯಾರಿಗೂ ತಪ್ಪಿದ್ದಲ್ಲ.

ಭಟ್ಟಿಯೆಂದರೆ ಇಟ್ಟಿಗೆಯ ಕಮಾನು ಕಟ್ಟಿದ ಒಂದು ಗವಿ. ಅದರೊಳಗೆ ಬಳ್ಳಾರಿ ಜಾಲಿಯ ಕಟ್ಟಿಗೆ ಒಟ್ಟಿ ಗಂಟೆಗಟ್ಟಲೆ ಉರಿಸಿ, ಆಮೇಲೆ ಕೆಂಡ ಬಳಿದು ತೆಗೆದು, ಇಟ್ಟಿಗೆ ಹೀರಿಕೊಂಡ ಶಾಖದಲ್ಲಿಯೇ ಬೇಯಿಸುವುದು ಅದರ ಕ್ರಮ. (ನಮ್ಮೂರಿನ ಹೆಸರು ಹೊತ್ತ ಈ ಮುಳ್ಳುಮರ ನಮ್ಮೂರಿನದಲ್ಲ, ಅಮೆರಿಕ ಖಂಡದಿಂದ ಬಂದದ್ದು. ಹೊಲದವರೆಲ್ಲ ಅದನ್ನು ಶಪಿಸುತ್ತಾರೆ. ಭಟ್ಟಿಯವರು ಮಾತ್ರ ಇದುವರೆಗೆ ಶಪಿಸಿಲ್ಲ.) ಶಾಖ ಅಳೆಯುವುದಕ್ಕೆ ಯಂತ್ರವಿರಲಿಲ್ಲ. ಒಂದು ಹಿಡಿ ಹಿಟ್ಟನ್ನು ಭಟ್ಟಿಯ ನೆಲಕ್ಕೆ ಎರಚಿದರೆ ಅದು ಕೂಡಲೇ ಕಪ್ಪಾಯಿತೋ, ನಿಧಾನವಾಗಿ ಕಂದು ಬಣ್ಣಕ್ಕೆ ತಿರುಗಿತೋ ಎಂಬುದರ ಮೇಲೆ ಎಲ್ಲ ನಿರ್ಧಾರ. ಜೋರು ಶಾಖದಲ್ಲಿ ಮೊದಲು ಬ್ರೆಡ್ಡು, ಅದು ಇಳಿದ ಮೇಲೆ ಬನ್ನು, ಇನ್ನೂ ಇಳಿದು ಹದಕ್ಕೆ ಬಂದಾಗ ಬಿಸ್ಕತ್ತು. ಆದ್ದರಿಂದ ಮನೆಯಿಂದ ಹಿಟ್ಟು ತಂದವರು ಕಾಯಲೇಬೇಕು, ಕಾಯುವಾಗ ಊರಿನ ಸುದ್ದಿಯೆಲ್ಲ ಬೇಯಲೇಬೇಕು. ತಮ್ಮ ಬಿಸ್ಕತ್ತು ಬೇರೆಯವರ ತಟ್ಟೆಯೊಂದಿಗೆ ಅದಲುಬದಲಾಗದಿರಲಿ ಎಂದು ಒಬ್ಬರು ಬಳೆಯ ಅಂಚನ್ನು ಒತ್ತಿ ಗುರುತು ಮಾಡಿದರೆ, ಇನ್ನೊಬ್ಬರು ಒಂದೊಂದಕ್ಕೂ ಒಂದು ಚಾರೋಳಿ ಅಂಟಿಸುತ್ತಿದ್ದರು. ಉದ್ದನೆಯ ಮರದ ಸಲಿಕೆಯ ಮೇಲೆ ತಟ್ಟೆ ಒಳಗೆ ಹೋಗುವಾಗ ಆಯಾ ಮನೆಯವರು ಎದ್ದು ನಿಲ್ಲುತ್ತಿದ್ದರು, ಮಗನನ್ನು ಪರೀಕ್ಷೆಯ ಹಾಲಿಗೆ ಕಳಿಸಿದಂತೆ.

ಮಾಸ್ತರರು ಕೆಲಸ ಕಲಿತದ್ದು ಇಂಥ ಒಂದು ಭಟ್ಟಿಯಲ್ಲಿ, ಪರಾತ ತೊಳೆಯುವ ಹುಡುಗನಾಗಿ. ನಾನ್‌ಕಟಾಯಿಯ ಬಣ್ಣ ನೋಡಿಯೇ ಅದು ಯಾವ ಮನೆಯ ಹಿಟ್ಟು ಎಂದು ಹೇಳುತ್ತಿದ್ದೆ ಎಂದು ಅವರು ಈಗಲೂ ಜಂಬ ಕೊಚ್ಚಿಕೊಳ್ಳುತ್ತಾರೆ. ಕಡಲೆಹಿಟ್ಟು ಧಾರಾಳವಾಗಿ ಹಾಕಿದವರದ್ದು ಬಂಗಾರದ ಬಣ್ಣ, ಸಕ್ಕರೆ ಉಳಿಸಿದವರದ್ದು ಬಿಳಿಚು.

ನಾನ್‌ಕಟಾಯಿ ಹುಟ್ಟಿದ್ದು ಸೂರತ್ತಿನಲ್ಲಿ, ಡಚ್ಚರು ಬಿಟ್ಟುಹೋದ ಬೇಕರಿಯನ್ನು ವಹಿಸಿಕೊಂಡ ಪಾರ್ಸಿಯೊಬ್ಬರ ಕೈಯಲ್ಲಿ ಎಂಬ ಕಥೆ ಪ್ರಸಿದ್ಧವಾಗಿದೆ. ನಮ್ಮ ಮಾಸ್ತರರು ಈ ಕಥೆಯನ್ನು ಒಪ್ಪಿಯೂ, ಅದು ದೊಡ್ಡದಾದದ್ದು ಮಾತ್ರ ಬಳ್ಳಾರಿಯಲ್ಲೇ ಎಂದು ವಾದಿಸುತ್ತಾರೆ. ಮನೆಯಲ್ಲಿ ಅವರು ಅದನ್ನು ಮಾಡುವ ರೀತಿ ನೋಡುವಂಥದ್ದು. ಡಾಲ್ಡಾ 1937ರಲ್ಲಿ ಮಾರುಕಟ್ಟೆಗೆ ಬಂದು ಭಟ್ಟಿಗಳನ್ನೆಲ್ಲ ಆಕ್ರಮಿಸಿಕೊಳ್ಳಲು ಅದರ ಅಗ್ಗದ ಬೆಲೆಯೊಂದೇ ಕಾರಣವಲ್ಲ. ಸಕ್ಕರೆಯೊಡನೆ ತಿಕ್ಕಿದಾಗ ಅದು ಗಾಳಿಯನ್ನು ಚೆನ್ನಾಗಿ ಹಿಡಿದುಕೊಳ್ಳುತ್ತದೆ, ಬಿಸಿಲಿಗೆ ಬೇಗ ನೀರಾಗುವುದಿಲ್ಲ. ತುಪ್ಪಕ್ಕೆ ಈ ಎರಡೂ ಗುಣ ಕಡಿಮೆ. ಆದರೂ ಮನೆಯಲ್ಲಿ ಅವರಿಗೆ ತುಪ್ಪವೇ ಆಗಬೇಕು. ಅದಕ್ಕಾಗಿ ತುಪ್ಪದ ಗಿಂಡಿಯನ್ನು ಹಿಂದಿನ ರಾತ್ರಿಯೇ ತಣ್ಣೀರಿನ ಪರಾತದಲ್ಲಿ ಇಟ್ಟು, ಬೆಳಿಗ್ಗೆ ಬಿಸಿಲೇರುವ ಮೊದಲು, ಹರಳುಗಟ್ಟಿದ ತುಪ್ಪಕ್ಕೆ ಪುಡಿ ಸಕ್ಕರೆ ಸೇರಿಸಿ ಅಂಗೈಯಿಂದ ಒಂದೇ ದಿಕ್ಕಿಗೆ ತಿಕ್ಕಲು ಕೂರುತ್ತಾರೆ. ಹಳದಿ ಹೋಗಿ ಬಿಳುಪು ಬರುವವರೆಗೆ ಮಾತಿಲ್ಲ. ಆಮೇಲೆ ಮೈದಾ, ಅದರ ಕಾಲುಭಾಗದಷ್ಟು ಕಡಲೆಹಿಟ್ಟು, ಒಂದಿಷ್ಟು ಸಣ್ಣ ರವೆ, ಚಿಟಿಕೆ ಸೋಡಾ, ಏಲಕ್ಕಿ, ಜಾಜಿಕಾಯಿ. ಇಲ್ಲಿಂದ ಮುಂದೆ ನಾದಬಾರದು. ನಾದಿದರೆ ಮೈದಾ ಜಿಗುಟು ಹಿಡಿದು ಬಿಸ್ಕತ್ತು ಹಲ್ಲಿಗೆ ಎದುರು ನಿಲ್ಲುತ್ತದೆ. ಕೂಡಿಸಿ, ನಿಂಬೆಕಾಯಿ ಗಾತ್ರದ ಉಂಡೆ ಕಟ್ಟಿ, ಹೆಬ್ಬೆರಳಿನಿಂದ ನಡುವೆ ಅದುಮಿ, ಸಣ್ಣ ಓವನ್ನಿನಲ್ಲಿ 160 ಡಿಗ್ರಿಯ ಆಸುಪಾಸಿನಲ್ಲಿ ಇಟ್ಟರೆ ಸುಮಾರು 20 ನಿಮಿಷಕ್ಕೆ ಮೈಮೇಲೆ ಬಿರುಕು ಬಿಟ್ಟು, ತಳದಲ್ಲಿ ಮಾತ್ರ ತೆಳುವಾಗಿ ಕಂದು ಹತ್ತಿರುತ್ತದೆ. ಆಗ ಮುಟ್ಟಿದರೆ ಮೆತ್ತಗಿರುತ್ತದೆ. ಬೆಂದಿಲ್ಲವೆಂದು ಮತ್ತೆ ಒಳಗಿಟ್ಟವರು ಕೆಟ್ಟರು; ಆರಿದ ಮೇಲೆಯೇ ಅದಕ್ಕೆ ಗರಿಗರಿ ಬರುವುದು.

ಪಾಕದ ವಿಷಯದಲ್ಲಿ ಮಾಸ್ತರರಿಗೂ ಅವರ ತಾಯಿಗೂ ಒಂದು ಹಳೆಯ ವ್ಯಾಜ್ಯವಿದೆ. ಸಕ್ಕರೆಯ ಪಾಕ 112ರಿಂದ 116 ಡಿಗ್ರಿ ಮುಟ್ಟಿದಾಗ ತಣ್ಣೀರಿನಲ್ಲಿ ಮೆತ್ತನೆಯ ಉಂಡೆಯಾಗಿ ನಿಲ್ಲುತ್ತದೆ ಎಂಬುದು ಅವರ ವೃತ್ತಿಯ ಪಾಠ. ಅದಕ್ಕೆಂದು ಒಂದು ಥರ್ಮಾಮೀಟರನ್ನೂ ಮನೆಗೆ ತಂದಿದ್ದಾರೆ. ತಾಯಿಯವರದು ಹಿತ್ತಾಳೆಯ ಬಟ್ಟಲು ಮತ್ತು ಬಾವಿಯ ನೀರು. ಕುದಿಯುವ ಬೆಲ್ಲವನ್ನು ಒಂದು ಹನಿ ಬಟ್ಟಲಿಗೆ ಬಿಟ್ಟು, ಬೆರಳಿನಲ್ಲಿ ಕೂಡಿಸಿ ನೋಡಿ, “ಇನ್ನಾ ಬರಬೇಕಪಾ” ಎಂದೋ “ಇಳಸು” ಎಂದೋ ಅವರು ತೀರ್ಪು ಕೊಡುತ್ತಾರೆ. ಈ ವ್ಯಾಜ್ಯದಲ್ಲಿ ನಾನು ತಾಯಿಯ ಪಕ್ಷ, ಮತ್ತು ಅದಕ್ಕೆ ಭಕ್ತಿ ಕಾರಣವಲ್ಲ. ಸಕ್ಕರೆ ಎಲ್ಲ ಚೀಲದಲ್ಲಿಯೂ ಒಂದೇ, ಬೆಲ್ಲ ಹಾಗಲ್ಲ. ಹೊಸ ಬೆಲ್ಲ, ಹಳೆಯ ಬೆಲ್ಲ, ಮಳೆಯಲ್ಲಿ ನೆನೆದದ್ದು, ಸುಣ್ಣ ಹೆಚ್ಚಾದದ್ದು, ಒಂದೊಂದೂ ತನ್ನದೇ ಶಾಖದಲ್ಲಿ ಹದಕ್ಕೆ ಬರುತ್ತದೆ. ಥರ್ಮಾಮೀಟರು ಶಾಖವನ್ನು ಅಳೆಯುತ್ತದೆ, ಬಟ್ಟಲಿನ ನೀರು ಹದವನ್ನೇ ಅಳೆಯುತ್ತದೆ. ಶೇಂಗಾ ಉಂಡಿಯ ದಿನ ಮಾಸ್ತರರು ಈಗ ತಮ್ಮ ಉಪಕರಣವನ್ನು ಕಪಾಟಿನಿಂದ ಹೊರಗೆ ತೆಗೆಯುವುದೇ ಇಲ್ಲ.

ತಾಯಿಯವರ ತವರು ಕೊಪ್ಪಳದ ಕಡೆ. ಹಾಗಾಗಿ ಆ ಮನೆಯಲ್ಲಿ ಮಾದಲಿಗೆ ಅಗ್ರಸ್ಥಾನ. ಗೋಧಿ, ಕಡಲೆಬೇಳೆ, ಒಂದು ಹಿಡಿ ಅಕ್ಕಿಯನ್ನು ತರಿಯಾಗಿ ಬೀಸಿ, ಗಟ್ಟಿಯಾಗಿ ಕಲಸಿ, ದಪ್ಪ ರೊಟ್ಟಿ ತಟ್ಟಿ, ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಸುಟ್ಟು, ಅಷ್ಟು ಶ್ರಮಪಟ್ಟು ಮಾಡಿದ ರೊಟ್ಟಿಯನ್ನು ಮರುಕವಿಲ್ಲದೆ ಮುರಿದು ಕುಟ್ಟಿ ಪುಡಿ ಮಾಡಿ, ಅದಕ್ಕೆ ಬೆಲ್ಲ, ಪುಟಾಣಿ, ಒಣಕೊಬ್ಬರಿ, ಗಸಗಸೆ, ಏಲಕ್ಕಿ ಸೇರಿಸುವುದು. ಮೊದಲು ಸುಟ್ಟು ಆಮೇಲೆ ಪುಡಿ ಮಾಡುವ ಈ ಉಪಾಯ ತಮ್ಮ ವೃತ್ತಿಯಲ್ಲಿಯೂ ಉಂಟೆಂದು, ಚೀಸ್ ಕೇಕಿನ ತಳಕ್ಕೆ ಬಿಸ್ಕತ್ತನ್ನು ಪುಡಿ ಮಾಡಿ ಬೆಣ್ಣೆಯೊಡನೆ ಅದುಮುತ್ತಾರೆಂದು ಮಾಸ್ತರರು ವಿವರಿಸಿದಾಗ, ತಾಯಿಯವರು ಕೇಳಿದ್ದು ಒಂದೇ ಪ್ರಶ್ನೆ: “ಅದರ ಮ್ಯಾಲೆ ಹಾಲು ತುಪ್ಪ ಹಾಕ್ತಾರೇನು?” ಇಲ್ಲವೆಂದು ತಿಳಿದ ಮೇಲೆ ಆ ವಿಷಯದಲ್ಲಿ ಅವರಿಗೆ ಆಸಕ್ತಿ ಉಳಿಯಲಿಲ್ಲ. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ಮಹಾದಾಸೋಹಕ್ಕೆ ಹಳ್ಳಿಹಳ್ಳಿಗಳಿಂದ ರೊಟ್ಟಿಯ ಜೊತೆಗೆ ಮಾದಲಿಯೂ ಬಂದು ರಾಶಿ ಬೀಳುತ್ತದೆ. ಎಷ್ಟು ಮನೆಗಳಲ್ಲಿ, ಎಷ್ಟು ಕೈಗಳಲ್ಲಿ ಆದ ಮಾದಲಿ ಒಂದೇ ರಾಶಿಯಲ್ಲಿ ಬೆರೆತರೂ ತಿನ್ನುವವರಿಗೆ ಕೊರತೆ ಕಾಣುವುದಿಲ್ಲ. ಕ್ರೀಮ್ ಕೇಕಿನಲ್ಲಿ ಈ ಪ್ರಯೋಗ ಮಾಡಲು ಯಾರಿಗೂ ಧೈರ್ಯವಾಗಲಾರದು.

ಗೌರಿ ಹುಣ್ಣಿಮೆಯ ಸಕ್ಕರೆ ಆರತಿಯನ್ನು ಮಾತ್ರ ಮಾಸ್ತರರು ಮಾಡುವುದಿಲ್ಲ, ಕೊಳ್ಳುತ್ತಾರೆ. ನೀರಿನಲ್ಲಿ ನೆನೆಸಿದ ಮರದ ಅಚ್ಚುಗಳನ್ನು ಜೋಡಿಸಿ ಕಟ್ಟಿ, ತಿಕ್ಕಿ ತಿಕ್ಕಿ ಬೆಳ್ಳಗಾಗತೊಡಗಿದ ಪಾಕವನ್ನು ಅದು ಗಟ್ಟಿಯಾಗುವ ಮುನ್ನ ಸುರಿದು, ತೇರು, ಆನೆ, ಗಿಳಿಗಳನ್ನು ಬಿಡಿಸಿ ತೆಗೆಯುವವರ ಕೈ ತನಗಿಲ್ಲವೆಂದು ಅವರು ಗೌರವದಿಂದಲೇ ಹೇಳುತ್ತಾರೆ.

ಅವರ ಹೆಂಡತಿ ರಾಯಚೂರಿನವರು. ಬಳ್ಳಾರಿ 1953ರ ಅಕ್ಟೋಬರ್ 1ರವರೆಗೆ ಮದ್ರಾಸಿನ ಕಡೆಗಿತ್ತು, ರಾಯಚೂರು 1948ರವರೆಗೆ ನಿಜಾಮರ ಕೈಯಲ್ಲಿತ್ತು. ಭೂಪಟದಲ್ಲಿ ಅಳಿಸಿದ ಈ ಗಡಿ ಆ ಅಡುಗೆಮನೆಯಲ್ಲಿ ಇನ್ನೂ ಉಳಿದಿದೆ. ಚಹಾದ ಜೊತೆಗೆ ಅವರಿಗೆ ಬೇಕಾದದ್ದು ಸಿಹಿಯೂ ಉಪ್ಪೂ ಕೂಡಿದ, ಹೈದರಾಬಾದಿನ ಉಸ್ಮಾನಿಯಾ ಬಿಸ್ಕತ್ತು. ಬೇಕರಿಯಿಂದ ಉಳಿದ ಬ್ರೆಡ್ಡು ಮನೆಗೆ ಬಂದ ದಿನ ಅದು ತುಪ್ಪದಲ್ಲಿ ಕರಿದು, ಸಕ್ಕರೆ ಪಾಕದಲ್ಲಿ ಅದ್ದಿ, ಇಂಗಿಸಿದ ಹಾಲು ಸುರಿಸಿಕೊಂಡು ಡಬಲ್ ಕಾ ಮೀಠಾ ಆಗುತ್ತದೆ. ಅತ್ತೆಯವರು ಇದನ್ನು ಹೋಳಿಗೆಯ ಸಾಲಿಗೆ ಸೇರಿಸಲು ಇದುವರೆಗೂ ಒಪ್ಪಿಲ್ಲ, ಆದರೆ ಎರಡನೆಯ ಸಲ ಬಡಿಸಿದಾಗ ಬೇಡ ಎಂದದ್ದೂ ಇಲ್ಲ. ಇದೊಂದೇ ಆ ಮನೆಯಲ್ಲಿ ಡಬ್ಬಿಯನ್ನು ಸೇರದ ಸಿಹಿ; ಮಾಡಿದ ರಾತ್ರಿಯೇ ಪಾತ್ರೆ ಖಾಲಿಯಾಗುತ್ತದೆ.

ಉಳಿದದ್ದೆಲ್ಲ ಡಬ್ಬಿಗೆ, ಡಬ್ಬಿಯಿಂದ ಬಸ್ಸಿಗೆ. ಬೆಂಗಳೂರಿನ ಹಾಸ್ಟೆಲಿನಲ್ಲಿರುವ ಮಗಳಿಗೆ ಒಂದು, ನಾಗರಪಂಚಮಿಗೆ ಬಂದು ಹೋಗುವ ತಂಗಿಗೆ ಒಂದು. ಮಗಳು ಮೊದಮೊದಲು ಅಪ್ಪನ ಅಂಗಡಿಯ ಕೇಕು ಬೇಕೆಂದು ಹಟ ಮಾಡಿದ್ದಳಂತೆ. ಈಗ ಅವಳ ಕೋಣೆಯ ಗೆಳತಿಯರೇ ಫೋನು ಮಾಡಿ ಶೇಂಗಾ ಉಂಡಿ ಮುಗಿದ ವರದಿ ಕೊಡುತ್ತಾರೆ.

ಕಟ್ಟಿಗೆಯ ಭಟ್ಟಿಗಳು ಒಂದೊಂದಾಗಿ ಮುಚ್ಚಿ, ವಿದ್ಯುತ್ತಿನ ಮತ್ತು ಡೀಸೆಲ್ಲಿನ ಓವನ್ನುಗಳು ಬಂದ ಮೇಲೆ, ಹಿಟ್ಟು ತಂದು ಮಾಡಿಸುವವರಿಗೆ ಬೇಕರಿಗಳಲ್ಲಿ ಮೊದಲಿನ ಆದರವಿಲ್ಲ. ಈ ಸುದ್ದಿ ನಮ್ಮ ಓಣಿಯಲ್ಲಿ ಬೇರೆಯೇ ಫಲ ಕೊಟ್ಟಿದೆ. ಯಾರೋ ಒಬ್ಬರು ಕಲಸಿದ ಹಿಟ್ಟನ್ನು ಮಾಸ್ತರರ ಮನೆಗೆ ಒಯ್ದರು, ಅವರು ಬೇಯಿಸಿ ಕೊಟ್ಟರು, ಸುದ್ದಿ ಹರಡಿತು. ಅವರ ಓವನ್ನಿನಲ್ಲಿ ಹಿಡಿಸುವುದು ಒಂದು ಸಲಕ್ಕೆ ಒಂದು ಸಣ್ಣ ತಟ್ಟೆ. ಆದ್ದರಿಂದ ಈ ದೀಪಾವಳಿಗೆ ಸರದಿಯ ಚೀಟಿಯೊಂದು ಅವರ ಬಾಗಿಲಿನ ಹಿಂದೆ ಅಂಟಿದೆ. ಮಾಸ್ತರರು ಕೂಲಿ ಮುಟ್ಟುವುದಿಲ್ಲ, ಕರೆಂಟಿನ ಬಿಲ್ಲು ನೋಡಿದ ಅವರ ಹೆಂಡತಿ ಮುಟ್ಟುತ್ತಾರೆ. ಡಾಲ್ಡಾ ತಂದವರನ್ನು ಬಾಗಿಲಲ್ಲಿಯೇ ವಾಪಸು ಕಳಿಸುವುದಾಗಿಯೂ ಮಾಸ್ತರರು ಮೊದಲೇ ಸಾರಿಬಿಟ್ಟಿರುವುದರಿಂದ, ನಮ್ಮ ಮನೆಯಲ್ಲಿ ಸದ್ಯ ತುಪ್ಪದ ಬೆಲೆಯ ಬಗ್ಗೆ ಗಂಭೀರ ಚರ್ಚೆ ನಡೆದಿದೆ.