ಕಾಲು ಒಳಗೆ ವಾಲಿದ್ರೆ ಆ್ಯಂಕಲ್ ವೀಕ್ ಅಂತಲೇ ಅರ್ಥ ಅಲ್ಲ

ಐಸ್ ಮೇಲೆ ಬ್ಲೇಡ್ ಇರೋ ಬೂಟ್ ಹಾಕ್ಕೊಂಡು ಆಡೋ ಫಿಗರ್ ಸ್ಕೇಟಿಂಗ್ ಕಲಿಯೋರ ಮಧ್ಯೆ ಒಂದು ಮಾತು ಓಡಾಡ್ತಾ ಇದೆ, ಒಂಟಿ ಕಾಲಲ್ಲಿ ಜಾರುವಾಗ ಒಳಗಡೆ ವಾಲಿದ್ರೆ ನಿಮ್ಮ ಆ್ಯಂಕಲ್ ವೀಕು, ಲೇಸ್ ಇನ್ನೂ ಬಿಗಿ ಕಟ್ಟಿ ಅಂತ. ಕೆಲವರಿಗೆ ಇದು ನಿಜಾನೇ ಇರಬಹುದು, ಆದ್ರೆ ಎಲ್ರಿಗೂ ಇದೇ ಕಾರಣ ಅಂದ್ರೆ ತಪ್ಪಾಗುತ್ತೆ.

ಕಾರಣ ಬ್ಲೇಡ್‌ನಲ್ಲೂ ಇರಬಹುದು. ಬ್ಲೇಡ್ ಅಡಿಭಾಗ ಚಪ್ಪಟೆ ಇರಲ್ಲ, ಮಧ್ಯೆ ಸಣ್ಣ ತೋಡು, ಅದರ ಎರಡೂ ಬದಿಗೆ ಒಂದೊಂದು ಎಡ್ಜ್, ಅಂದ್ರೆ ಚೂಪಾದ ಅಂಚು. ಸಾಣೆ ಹಿಡಿಯೋವಾಗ ಒಂದು ಎಡ್ಜ್ ಎತ್ತರ ಇನ್ನೊಂದು ತಗ್ಗು ಆಗಿಬಿಟ್ರೆ ಎಷ್ಟೇ ಗಟ್ಟಿ ಕಾಲಿದ್ರೂ ನೆಟ್ಟಗೆ ಹೋಗೋದು ಕಷ್ಟ. ನೋಡೋದು ಸುಲಭ, ಬೂಟ್ ತಲೆಕೆಳಗೆ ಹಿಡ್ಕೊಂಡು ಎರಡೂ ಎಡ್ಜ್ ಮೇಲೆ ಅಡ್ಡಕ್ಕೆ ಒಂದು ನಾಣ್ಯ ಇಟ್ಟು ಕಣ್ಣಿನ ಮಟ್ಟಕ್ಕೆ ತನ್ನಿ, ಬ್ಲೇಡ್‌ಗೂ ನಾಣ್ಯಕ್ಕೂ ಮಧ್ಯೆ ಲಂಬಕೋನ ಸರಿ ಇಲ್ದೆ ಅದು ಒಂದು ಕಡೆ ಓರೆ ಕೂತಿದ್ರೆ ಕಳ್ಳ ಸಿಕ್ಕಿಬಿದ್ದ ಹಾಗೆ.

ಅದು ಸರಿ ಇದ್ರೆ ಬ್ಲೇಡ್ ಕೂರಿಸಿರೋ ಜಾಗ ನೋಡಿ. ಬ್ಲೇಡನ್ನ ಬೂಟ್‌ಗೆ ಸೇರಿಸೋ ಪ್ಲೇಟ್‌ನಲ್ಲಿ ಉದ್ದುದ್ದ ತೂತು ಇರೋದೇ ಸ್ಕ್ರೂ ಸಡಿಲಿಸಿ ಬ್ಲೇಡನ್ನ ಚೂರು ಆಚೀಚೆ ಜರುಗಿಸೋಕೆ. ಒಳಗೆ ವಾಲ್ತಿದ್ರೆ ಸಾಮಾನ್ಯವಾಗಿ ಬ್ಲೇಡನ್ನೂ ಒಳಗಡೆಗೇ ಜರುಗಿಸ್ತಾರೆ, ಕೇಳೋಕೆ ಉಲ್ಟಾ ಅನ್ಸುತ್ತೆ, ಆದ್ರೆ ಭಾರ ಬೀಳೋ ಕಡೆಗೇ ಆಧಾರ ಹೋಗಬೇಕಲ್ವಾ. ಒಂದೆರಡು ಮಿಲಿಮೀಟರ್ ಸಾಕಾಗಬಹುದು, ಮನೇಲಿ ಮಾತ್ರ ಕೈ ಹಾಕ್ಬೇಡಿ, ಗೊತ್ತಿರೋ ಟೆಕ್ನಿಷಿಯನ್ ಹತ್ರನೇ ಮಾಡ್ಸಿ.

ಇನ್ನು ಬೂಟೇ ದೊಡ್ಡದಾಗಿ ಹಿಮ್ಮಡಿ ಒಳಗೆ ಅಲ್ಲಾಡ್ತಿದ್ರೆ, ಲೇಸ್ ಎಷ್ಟು ಬಿಗಿದ್ರೂ ಕಾಲು ಜೋಮು ಹಿಡಿಯುತ್ತೆ ಅಷ್ಟೇ.