ಕೋಟೆ ಕೆಡವಿದ ದ್ರೋಹಿ ಯಾರು ಅಂತ ತೀರ್ಪು ಕೊಡೋರಿಗೆ

ದುರ್ಗದ ಕೋಟೆ ವಿಷಯ ಬಂದ್ರೆ ನಮ್ಮೂರ ಟೀ ಅಂಗಡೀಲಿ ಮಾತು ಕೊನೆಗೆ ಒಂದೇ ಕಡೆ ಬಂದು ನಿಲ್ಲುತ್ತೆ, 1779ರಲ್ಲಿ ಹೈದರಾಲಿಗೆ ಕೋಟೆ ಸಿಕ್ಕಿದ್ದು ಯಾರ ದ್ರೋಹದಿಂದ ಅಂತ. ಒಬ್ರು ಒಂದು ಜಾತಿ ಹೆಸರು ಹೇಳ್ತಾರೆ, ಇನ್ನೊಬ್ರು ಧರ್ಮ ಎಳೀತಾರೆ, ಅಲ್ಲಿಗೆ ಮುಗೀತು. ಕೇಳ್ದಾಗೆಲ್ಲ ನಂಗೆ ತುಂಬಾ ಸಂಕಟ ಆಗುತ್ತೆ.

ಎರಡು ಸೈನ್ಯದ ಮಧ್ಯ ಸಿಕ್ಕಿದ ಊರಲ್ಲಿ ಬದುಕೋದು ಹೆಂಗಿರುತ್ತೆ ಅಂತ ತಿಳೀಬೇಕಂದ್ರೆ ಅಮೆರಿಕದ ಅಂತರ್ಯುದ್ಧದ ವಿಂಚೆಸ್ಟರ್ ಬಗ್ಗೆ ಓದಿ. ಗುಲಾಮಗಿರಿ ಉಳಿಸ್ಕೋಬೇಕು ಅಂತ ಬೇರೆಯಾದ ದಕ್ಷಿಣದ ರಾಜ್ಯಗಳಿಗೂ ಉತ್ತರದವರಿಗೂ ನಡೆದ ಯುದ್ಧ ಅದು. ವರ್ಜೀನಿಯಾದ ಶೆನಂಡೋವಾ ಕಣಿವೆ ಊರು ಅದು, 1861ರಿಂದ 65ರೊಳಗೆ 70ಕ್ಕೂ ಹೆಚ್ಚು ಸಲ ಕೈ ಬದಲಾಯ್ತು ಅಂತಾರೆ, ಇವತ್ತು ಉತ್ತರದವರು ಬಂದು ಮನೆ ಹುಡುಕಿದ್ರೆ ನಾಳೆ ದಕ್ಷಿಣದವರು ಬಂದು ನಿನ್ನೆ ಯಾರಿಗೆ ಊಟ ಹಾಕ್ದೆ ಅಂತ ಕೇಳೋ ಪರಿಸ್ಥಿತಿ.

ಅಲ್ಲಿ ರೆಬೆಕಾ ರೈಟ್ ಅಂತ ಒಬ್ಬ ಟೀಚರ್ ಇದ್ರು, ಕ್ವೇಕರ್ ಅನ್ನೋ ಕ್ರೈಸ್ತ ಪಂಥದವರು, ಗುಲಾಮಗಿರಿ ಪಾಪ ಅಂತ ನಂಬಿದ್ದ ಪಂಥ ಅದು. ಅವರಪ್ಪನ್ನ ದಕ್ಷಿಣದವರು ಹಿಡ್ಕೊಂಡು ಹೋಗಿ ಜೈಲಿಗೆ ಹಾಕಿದ್ರು, ಅಪ್ಪ ಅಲ್ಲೇ ತೀರಿಕೊಂಡ್ರು. ಆದ್ರೂ ಅದೇ ಮನೇಲಿ ಒಡಹುಟ್ಟಿದ ಹ್ಯಾನಾ ಮಾತ್ರ ದಕ್ಷಿಣದ ಪರ! ಒಂದೇ ಒಲೆ ಊಟ, ಎರಡು ಪಕ್ಷ. 1864ರ ಸೆಪ್ಟೆಂಬರಲ್ಲಿ ಉತ್ತರದ ಜನರಲ್ ಶೆರಿಡನ್ ದಕ್ಷಿಣದ ಸೈನ್ಯದ ಸುದ್ದಿ ಕೇಳಿ ರೆಬೆಕಾಗೆ ಒಂದು ಚೀಟಿ ಕಳಿಸ್ತಾರೆ, ಅದನ್ನ ತಂದಿದ್ದು ತರಕಾರಿ ಮಾರೋಕೆ ಊರೊಳಗೆ ಬರೋ ಪರವಾನಗಿ ಇದ್ದ ಥಾಮಸ್ ಲಾಸ್ ಅನ್ನೋ ಕರಿಯ ಮನುಷ್ಯ, ತಗಡಿನ ಹಾಳೇಲಿ ಸುತ್ತಿ ಬಾಯಲ್ಲಿಟ್ಕೊಂಡು, ಸಿಕ್ಕಿಬಿದ್ರೆ ನುಂಗಿಬಿಡೋಕೆ. ದಕ್ಷಿಣದ ಒಂದು ಪಡೆ ಫಿರಂಗಿ ಸಮೇತ ಊರು ಬಿಟ್ಟಿದೆ ಅಂತ ರೆಬೆಕಾ ಉತ್ತರ ಬರೆದ್ರು. ಸೆಪ್ಟೆಂಬರ್ 19ಕ್ಕೆ ಶೆರಿಡನ್ ಗೆದ್ದ.

ಯುದ್ಧ ಮುಗಿದ ಮೇಲೆ ಶೆರಿಡನ್ ಕೃತಜ್ಞತೆಗೆ ಚಿನ್ನದ ವಾಚ್ ಕಳಿಸಿದ್ದೇ ಆಪತ್ತಾಯ್ತು, ಗುಟ್ಟು ಹೊರಬಿತ್ತು, ಊರವರು ಆ ಮನೆಯವರನ್ನ ದೂರ ಇಟ್ರು. ಕೊನೆಗೆ ವಾಷಿಂಗ್ಟನ್‌ನಲ್ಲಿ ಖಜಾನೆ ಇಲಾಖೆ ಕೆಲಸ ಸಿಕ್ಕಿ ಊರೇ ಬಿಟ್ರು.

ಊರಿಗೆ ದ್ರೋಹ ಮಾಡಿದ್ರು ಅಂತೀರಾ? ಯಾವ ಊರು? ತನ್ನಂಥ ಕರಿಯ ಜನರನ್ನ ದನದ ಹಾಗೆ ಮಾರ್ತಿದ್ದ ಊರಿಗೆ ಥಾಮಸ್ ಲಾಸ್ ಯಾಕೆ ನಿಷ್ಠೆ ತೋರಿಸ್ಬೇಕು? ನಾನಂತೂ ರೆಬೆಕಾ, ಲಾಸ್ ಇಬ್ಬರ ಪರವೇ. ಹ್ಯಾನಾ ಒಪ್ಪಿದ ಪಕ್ಷ ತಪ್ಪು, ಆದ್ರೆ ಬೆಳೆದ ಬೀದಿ, ಒಡನಾಡಿದ ಜನ ಅಂತ ಆಕೆಗೂ ಎಳೆತ ಇದ್ದೇ ಇತ್ತಲ್ವಾ.

ಇನ್ನು ನಮ್ಮ ದುರ್ಗ. ಕೋಟೆ ಬಿದ್ದ ಮೇಲೆ ಹೈದರ್ ಇಲ್ಲಿನ ಬೇಡರ ಪೈಕಿ ಸುಮಾರು 20,000 ಜನರನ್ನ ಶ್ರೀರಂಗಪಟ್ಟಣಕ್ಕೆ ಸಾಗಿಸಿದ ಅಂತ ದಾಖಲೆ ಐತೆ, ಅವರ ಗಂಡುಹುಡುಗರನ್ನ ಚೇಲಾ ಪಡೆ ಅಂತ ಮಾಡಿ ತನ್ನ ಸೈನ್ಯಕ್ಕೆ ಸೇರಿಸಿಕೊಂಡ. ಮದಕರಿ ನಾಯಕನ ಕೋಟೇಲಿ ಹುಟ್ಟಿ ಹೈದರನ ಬಂದೂಕು ಹೊತ್ತ ಆ ಹುಡುಗರನ್ನ ನಿಮ್ಮ ಲೆಕ್ಕದಲ್ಲಿ ಯಾವ ಕಡೆಗೆ ಹಾಕ್ತೀರಿ, ಟೀ ಅಂಗಡಿಯವರೇ ಹೇಳಿ.